ಕಾಲ್ನಡಿಗೆಯಲ್ಲಿ ಕಂಡ ವರ್ತಕರ ನಗರ: ಆಮ್‌ಸ್ಟರ್‌ಡಾಮ್

ವ್ಯಾಪಾರ ಮೇಳಗಳಿಗಾಗಿ ಯುರೋಪಿಗೆ ಹೋಗಿಬರುವ ವರ್ತಕರ ಸಂಖ್ಯೆ ಈಗ ಕಡಿಮೆಯೇನಲ್ಲ. ಆದರೆ ಅವರಲ್ಲಿ ಹೆಚ್ಚಿನವರು ನೋಡುವುದು ವಿಮಾನ ನಿಲ್ದಾಣ, ಹೋಟೆಲು ಮತ್ತು ಪ್ರದರ್ಶನದ ಸಭಾಂಗಣ ಮಾತ್ರ. ಮೂರು ದಿನ ಮಳಿಗೆಯ ಮುಂದೆ ನಿಂತು, ನೂರಾರು ವಿಸಿಟಿಂಗ್ ಕಾರ್ಡುಗಳನ್ನು ಚೀಲಕ್ಕೆ ಸೇರಿಸಿಕೊಂಡು, ಕೊನೆಯ ದಿನ ಚಾಕೊಲೇಟು ಕೊಂಡು ಹಿಂದಿರುಗುತ್ತಾರೆ. ಊರು ಹೇಗಿತ್ತು ಎಂದು ಮನೆಯವರು ಕೇಳಿದರೆ ಚಳಿ ಬಹಳ ಎಂಬ ಉತ್ತರವಷ್ಟೇ ಸಿಗುತ್ತದೆ. ಆಮ್‌ಸ್ಟರ್‌ಡಾಮ್ ನಗರಕ್ಕೆ ಹೋದವರು ಹೀಗೆ ಹಿಂದಿರುಗಿದರೆ ನಷ್ಟ ಅವರದೇ. ಏಕೆಂದರೆ ಆ ನಗರವನ್ನು ಕಟ್ಟಿದವರು ರಾಜರಲ್ಲ, ವರ್ತಕರು. ತೂಕ, ನಾಣ್ಯ, ಷೇರು, ಸಾಲ, ದಿವಾಳಿ ಇವುಗಳಲ್ಲಿ ಪ್ರತಿಯೊಂದಕ್ಕೂ ಅಲ್ಲಿ ಒಂದು ಕಟ್ಟಡವಿದೆ. ಎಲ್ಲವೂ ನಾಲ್ಕೈದು ಕಿಲೋಮೀಟರಿನ ನಡಿಗೆಯೊಳಗೇ ಇವೆ. ಅರ್ಧ ದಿನದ ಬಿಡುವು ಮತ್ತು ಗಟ್ಟಿಮುಟ್ಟಾದ ಬೂಟುಗಳು ಇದ್ದರೆ ಸಾಕು.

ಸ್ಖಿಪೋಲ್ ವಿಮಾನ ನಿಲ್ದಾಣವು ಸಮುದ್ರ ಮಟ್ಟಕ್ಕಿಂತ ಕೆಳಗಿರುವ ನೆಲದಲ್ಲಿದೆ. ಒಂದು ಕಾಲಕ್ಕೆ ಸರೋವರದ ತಳವಾಗಿದ್ದ ಜಾಗವದು. ನಿಲ್ದಾಣದ ನೆಲಮಾಳಿಗೆಯಿಂದಲೇ ರೈಲು ಹೊರಡುತ್ತದೆ. ಸುಮಾರು ಕಾಲು ಗಂಟೆಯಲ್ಲಿ ನಗರದ ಮಧ್ಯದ ಸೆಂಟ್ರಾಲ್ ನಿಲ್ದಾಣ ಬರುತ್ತದೆ. ಟ್ಯಾಕ್ಸಿಗೆ ದುಂದು ಮಾಡುವ ಅಗತ್ಯವಿಲ್ಲ. ಖರ್ಚಿನ ಮಾತು ಬಂದಾಗ ಇನ್ನೊಂದು ಸಂಗತಿಯನ್ನು ಹೇಳಬೇಕು. ಹೋಟೆಲು ಬಾಡಿಗೆಯ ಮೇಲೆ ನಗರಾಡಳಿತವು ವಿಧಿಸುವ ಪ್ರವಾಸಿ ತೆರಿಗೆಯನ್ನು 2024ರಲ್ಲಿ ಶೇ. 12.5ಕ್ಕೆ ಏರಿಸಲಾಯಿತು. ಕೊಠಡಿ ಕಾದಿರಿಸುವಾಗ ತೋರಿಸಿದ ದರದಲ್ಲಿ ಅದು ಸೇರಿದೆಯೇ ಇಲ್ಲವೇ ಎಂದು ನೋಡಿಕೊಳ್ಳದವರು ಬಿಲ್ಲು ಕೈಗೆ ಬಂದಾಗ ಪೇಚಾಡುತ್ತಾರೆ.

1889ರಲ್ಲಿ ಆರಂಭವಾದ ಸೆಂಟ್ರಾಲ್ ನಿಲ್ದಾಣವು ನೀರಿನಲ್ಲಿ ಮಣ್ಣು ತುಂಬಿ ನಿರ್ಮಿಸಿದ ದ್ವೀಪಗಳ ಮೇಲೆ, ಎಂಟು ಸಾವಿರಕ್ಕೂ ಹೆಚ್ಚು ಮರದ ಕಂಬಗಳ ಆಧಾರದಿಂದ ನಿಂತಿದೆ. ಅದು ನಗರಕ್ಕೂ ಬಂದರಿಗೂ ನಡುವೆ ಗೋಡೆಯಂತೆ ನಿಲ್ಲುತ್ತದೆಂದು ಆ ಕಾಲದಲ್ಲಿ ಊರಿನವರು ಬಲವಾಗಿ ವಿರೋಧಿಸಿದ್ದರು. ಹೊರಗೆ ಬಂದವರು ಮೊದಲು ಕಲಿಯಬೇಕಾದದ್ದು ಬೈಸಿಕಲ್ ದಾರಿಯ ಶಿಸ್ತು. ಕೆಂಪು ಬಣ್ಣದ ಆ ದಾರಿಯನ್ನು ಕಾಲುದಾರಿಯೆಂದು ಭ್ರಮಿಸಿ, ನಡುವೆ ನಿಂತು ಛಾಯಾಚಿತ್ರ ತೆಗೆಯುವ ವಿದೇಶೀಯರನ್ನು ಕಂಡರೆ ಊರಿನವರಿಗೆ ಸಹನೆಯಿಲ್ಲ. ಗಂಟೆ ಬಾರಿಸುತ್ತಾರೆಯೇ ಹೊರತು ವೇಗ ತಗ್ಗಿಸುವುದಿಲ್ಲ.

ನಿಲ್ದಾಣದ ಎದುರಿಗೇ ಹೊಸ ಸೇತುವೆ ಎಂಬ ಹೆಸರಿನ ಬಹು ಹಳೆಯ ಸೇತುವೆಯೊಂದಿದೆ. ಷೇರುಪೇಟೆಗೆ ಕಟ್ಟಡವಿಲ್ಲದಿದ್ದ ಕಾಲದಲ್ಲಿ ವರ್ತಕರು ಸೇರುತ್ತಿದ್ದುದು ಈ ಸೇತುವೆಯ ಮೇಲೆ. ಹಡಗುಗಳು ಬಂದು ನಿಲ್ಲುವ ಜಾಗವಾದ್ದರಿಂದ ಸುದ್ದಿ ಮೊದಲು ತಲುಪುತ್ತಿದ್ದುದೂ ಇಲ್ಲಿಗೇ. ಮಳೆ ಬಂದರೆ ಸಮೀಪದ ಹಳೆಯ ಚರ್ಚಿನೊಳಗೆ ವ್ಯವಹಾರ ಮುಂದುವರಿಯುತ್ತಿತ್ತು.

ಕೊಕ್ಕೆಯ ಮನೆಗಳು

ಸೇತುವೆಯಿಂದ ಪಶ್ಚಿಮಕ್ಕೆ ತಿರುಗಿ ಹತ್ತು ನಿಮಿಷ ನಡೆದರೆ ಹಾರ್ಲೆಮ್ಮರ್ ಬೀದಿಯ ಪಕ್ಕದಲ್ಲಿ ವೆಸ್ಟ್ ಇಂಡಿಯಾ ಕಂಪನಿಯ ಹಳೆಯ ಕಚೇರಿ ಸಿಗುತ್ತದೆ. ಅಟ್ಲಾಂಟಿಕ್ ಸಾಗರದಾಚೆಗಿನ ವ್ಯಾಪಾರದ ಏಕಸ್ವಾಮ್ಯ ಪಡೆದಿದ್ದ ಈ ಕಂಪನಿಯ ಖಾತೆಗಳಲ್ಲಿ ಸಕ್ಕರೆ, ತುಪ್ಪಳಗಳ ಜೊತೆಗೆ ಆಫ್ರಿಕಾದಿಂದ ಹಿಡಿದು ತಂದ ಮನುಷ್ಯರೂ ಸರಕಾಗಿ ನಮೂದಾಗಿದ್ದರು. ಗುಲಾಮರ ವ್ಯಾಪಾರದಲ್ಲಿ ನಗರಾಡಳಿತವು ವಹಿಸಿದ ಪಾತ್ರಕ್ಕಾಗಿ ಆಮ್‌ಸ್ಟರ್‌ಡಾಮಿನ ಮೇಯರ್ ಫೆಮ್ಕೆ ಹಾಲ್ಸೆಮಾ ಅವರು 2021ರ ಜುಲೈ 1ರಂದು ಬಹಿರಂಗವಾಗಿ ಕ್ಷಮೆ ಕೇಳಿದರು. 2023ರಲ್ಲಿ ದೇಶದ ದೊರೆಯೂ ಕ್ಷಮೆ ಕೋರಿದರು. ಮುಂದೆ ಕಾಣಲಿರುವ ಅಂದವಾದ ಮನೆಗಳನ್ನು ನೋಡುವ ಮೊದಲು ಈ ಅಂಗಳದಲ್ಲಿ ಒಂದು ನಿಮಿಷ ನಿಲ್ಲುವುದು ಉಚಿತ.

ಅಲ್ಲಿಂದ ನಾಲ್ಕು ಹೆಜ್ಜೆಗೆ ಬ್ರೌವರ್ಸ್ ಕಾಲುವೆ. ಅದರ ದಡದ ಮನೆಗಳಲ್ಲಿ ಹಲವು ಮೊದಲು ಗೋದಾಮುಗಳಾಗಿದ್ದವು. ದೊಡ್ಡ ಬಾಗಿಲಿನಂತಹ ಮರದ ಕದಗಳುಳ್ಳ ಕಿಟಕಿಗಳು ಒಂದರ ಮೇಲೊಂದು ನೇರ ಸಾಲಿನಲ್ಲಿವೆ. ಅವುಗಳ ಮೇಲೆ, ಛಾವಣಿಯ ತುದಿಯಲ್ಲಿ, ಹೊರಕ್ಕೆ ಚಾಚಿದ ತೊಲೆಗೆ ಕೊಕ್ಕೆಯೊಂದು ತೂಗುತ್ತದೆ. ದೋಣಿಯಲ್ಲಿ ಬಂದ ಮೂಟೆಯನ್ನು ರಾಟೆ ಹಗ್ಗದಿಂದ ನೇರವಾಗಿ ಅಟ್ಟಕ್ಕೆ ಏರಿಸುವ ಏರ್ಪಾಡಿದು. ತಗ್ಗಿನ ಊರಿನಲ್ಲಿ ಸರಕು ಮೇಲಿದ್ದಷ್ಟೂ ತೇವದಿಂದ ಸುರಕ್ಷಿತ.

ಇಲ್ಲಿಂದ ದಕ್ಷಿಣಕ್ಕೆ ಮೂರು ಕಾಲುವೆಗಳು ಅರ್ಧಚಂದ್ರಾಕಾರವಾಗಿ ಊರನ್ನು ಬಳಸುತ್ತವೆ. ಅವುಗಳ ಹೆಸರನ್ನು ಕನ್ನಡಿಸಿದರೆ ಪ್ರಭುಗಳ ಕಾಲುವೆ, ಚಕ್ರವರ್ತಿಯ ಕಾಲುವೆ, ರಾಜಕುಮಾರನ ಕಾಲುವೆ ಎಂದಾಗುತ್ತದೆ. ಇವುಗಳ ಅಗೆತ ಆರಂಭವಾದದ್ದು 1613ರಲ್ಲಿ. ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 2010ರಲ್ಲಿ. ಪ್ರಭುಗಳ ಕಾಲುವೆಯೇ ಹೇರೆನ್‌ಗ್ರಾಖ್ತ್. ಇಲ್ಲಿ ಪ್ರಭುಗಳೆಂದರೆ ಊರನ್ನಾಳುತ್ತಿದ್ದ ಶ್ರೀಮಂತ ವರ್ತಕರು. ಅವರ ಮನೆಗಳ ಮುಖ ಕಿರಿದು, ಒಡಲು ಉದ್ದ. ನೀರಿನ ಕಡೆಗಿರುವ ಒಂದೊಂದು ಅಡಿಗೂ ಬೆಲೆಯಿದ್ದುದರಿಂದ ಹೀಗಾಯಿತು. ಬೆಂಗಳೂರಿನ ಚಿಕ್ಕಪೇಟೆಯ ಹಳೆಯ ಅಂಗಡಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಳಗೆ ಕಚೇರಿ ಮತ್ತು ವಾಸ, ಮೇಲಿನ ಅಟ್ಟದಲ್ಲಿ ಸರಕು. ಯಜಮಾನನು ತನ್ನ ದಾಸ್ತಾನಿನ ಕೆಳಗೇ ಮಲಗುತ್ತಿದ್ದ. ಮೆಟ್ಟಿಲುಗಳು ಇಂದಿಗೂ ಏಣಿಯಂತೆ ಕಡಿದಾಗಿರುವುದರಿಂದ ಮನೆ ಬದಲಿಸುವವರ ಬೀರು, ಮಂಚಗಳನ್ನು ಇಂದಿಗೂ ಕಿಟಕಿಯ ಮೂಲಕವೇ ಏರಿಸುತ್ತಾರೆ.

ಮನೆಗಳಿಗೆ ಸಂಖ್ಯೆ ಇಲ್ಲದ ಕಾಲದಲ್ಲಿ ಗೋಡೆಗೆ ಹುದುಗಿಸಿದ ಕೆತ್ತನೆಯ ಕಲ್ಲೇ ವಿಳಾಸವಾಗಿತ್ತು. ಹಡಗು, ಮೀನು, ಕತ್ತರಿ, ಸಕ್ಕರೆಯ ಅಚ್ಚು ಹೀಗೆ ಒಬ್ಬೊಬ್ಬರ ಕಸುಬಿಗೆ ಒಂದೊಂದು ಗುರುತು. ಓದು ಬಾರದ ಗಿರಾಕಿಗೂ ಅಂಗಡಿ ತಪ್ಪುತ್ತಿರಲಿಲ್ಲ.

ಡಾಮ್ ಚೌಕ: ತೆರಿಗೆ ವಿನಾಯಿತಿಯಿಂದ ಹುಟ್ಟಿದ ಊರು

ಪ್ರಭುಗಳ ಕಾಲುವೆಯಿಂದ ಪೂರ್ವಕ್ಕೆ ಐದಾರು ನಿಮಿಷ ನಡೆದರೆ ಡಾಮ್ ಚೌಕ. ಆಮ್‌ಸ್ಟೆಲ್ ನದಿಗೆ ಹಾಕಿದ ಅಣೆಕಟ್ಟು ಇದ್ದ ಸ್ಥಳವಿದು. ಊರಿಗೆ ಹೆಸರು ಬಂದದ್ದೂ ಅದರಿಂದಲೇ. ಆ ಹೆಸರು ಮೊದಲ ಬಾರಿಗೆ ದಾಖಲೆಯಲ್ಲಿ ಕಾಣುವುದು 1275ರ ಅಕ್ಟೋಬರ್ 27ರಂದು. ಅದು ವಿಜಯ ಶಾಸನವಲ್ಲ, ದಾನ ಶಾಸನವೂ ಅಲ್ಲ. ಆಮ್‌ಸ್ಟೆಲ್ ಅಣೆಕಟ್ಟಿನ ಬಳಿಯ ನಿವಾಸಿಗಳಿಗೆ ಸುಂಕದಿಂದ ವಿನಾಯಿತಿ ನೀಡಿ ಐದನೆಯ ಫ್ಲೋರಿಸ್ ಎಂಬ ಪಾಳೆಯಗಾರ ಹೊರಡಿಸಿದ ಆದೇಶವದು. 2025ರಲ್ಲಿ ನಗರವು ಆಚರಿಸಿದ 750ನೆಯ ಹುಟ್ಟುಹಬ್ಬವು ವಾಸ್ತವವಾಗಿ ಒಂದು ಸುಂಕ ವಿನಾಯಿತಿಯ ವಾರ್ಷಿಕೋತ್ಸವ. ವಾಣಿಜ್ಯ ಸಂಘಗಳು ಸರ್ಕಾರಕ್ಕೆ ಮನವಿ ಸಲ್ಲಿಸುವಾಗ ನೆನಪಿಸಿಕೊಳ್ಳಬಹುದಾದ ಸಂಗತಿಯಿದು.

ಚೌಕದ ಪಶ್ಚಿಮಕ್ಕೆ ಅರಮನೆಯಿದೆ. ಅದನ್ನು ಕಟ್ಟಿದ್ದು ಅರಮನೆಯೆಂದಲ್ಲ, ನಗರಸಭೆಯೆಂದು. 1648ರಲ್ಲಿ ಅಡಿಗಲ್ಲು ಬಿದ್ದು, 1655ರಲ್ಲಿ ಬಳಕೆಗೆ ಬಂದ ಈ ಕಟ್ಟಡವು 1808ರಲ್ಲಿ ನೆಪೋಲಿಯನ್ನನ ತಮ್ಮ ಲೂಯಿ ದೊರೆಯಾಗಿದ್ದಾಗ ಅರಮನೆಯಾಯಿತು. ಅಡಿಯಲ್ಲಿರುವ ಮರದ ಕಂಬಗಳು 13,659. ವರ್ಷದ ದಿನಗಳಾದ 365ಕ್ಕೆ ಮುಂದೆ ಒಂದು, ಹಿಂದೆ ಒಂಬತ್ತು ಸೇರಿಸಿ ಶಾಲೆಯ ಮಕ್ಕಳು ಇದನ್ನು ನೆನಪಿಡುತ್ತಾರೆ. ರಾಜಕಾರ್ಯಗಳಿಲ್ಲದ ದಿನಗಳಲ್ಲಿ ಸಾರ್ವಜನಿಕರಿಗೆ ಪ್ರವೇಶವಿದೆ. ಒಳಗಿನ ವಿಶಾಲವಾದ ಅಮೃತಶಿಲೆಯ ನೆಲದಲ್ಲಿ ಭೂಪಟಗಳನ್ನು ಕೂಡಿಸಲಾಗಿದೆ. ಪ್ರಪಂಚವೇ ಊರಿನ ಕಾಲಡಿಯಲ್ಲಿದೆ ಎಂಬ ಗರ್ವ ಅದರಲ್ಲಿದೆ.

1609ರಲ್ಲಿ ಸ್ಥಾಪನೆಯಾದ ವಿನಿಮಯ ಬ್ಯಾಂಕು ಇದ್ದುದು ಇದೇ ನಗರಸಭೆಯಲ್ಲಿ. ಆಗ ಹತ್ತಾರು ರಾಜ್ಯಗಳ ನಾಣ್ಯಗಳು ಪೇಟೆಯಲ್ಲಿ ಓಡಾಡುತ್ತಿದ್ದವು. ಸವೆದವು, ಅಂಚು ಕತ್ತರಿಸಿದವು, ಬೆರಕೆಯವು ಎಲ್ಲವೂ ಸೇರಿದ್ದವು. ಬ್ಯಾಂಕು ಅವನ್ನು ತೂಗಿ, ಒಳಗಿನ ಲೋಹದ ಬೆಲೆಯನ್ನಷ್ಟೇ ಖಾತೆಗೆ ಜಮಾ ಮಾಡುತ್ತಿತ್ತು. 600 ಗಿಲ್ಡರ್ ಮತ್ತು ಅದಕ್ಕೆ ಮೇಲ್ಪಟ್ಟ ಹುಂಡಿಗಳನ್ನು ಬ್ಯಾಂಕಿನ ಖಾತೆಯ ಮೂಲಕವೇ ಪಾವತಿಸಬೇಕೆಂಬ ನಿಯಮವಿತ್ತು. ನಗದು ವ್ಯವಹಾರಕ್ಕೆ ಮಿತಿ ಹಾಕುವ ಆದಾಯ ತೆರಿಗೆ ಕಾನೂನಿನೊಡನೆ ಗುದ್ದಾಡುವವರಿಗೆ ಇದು ಹೊಸದೆನಿಸದು. ಪ್ರತಿವರ್ಷ ನಗರಾಧಿಪತಿಗಳು ಬದಲಾದಾಗ ಹೊಸಬರು ನೆಲಮಾಳಿಗೆಗೆ ಇಳಿದು, ಇರುವ ಸಂಪತ್ತನ್ನು ಪುಸ್ತಕದೊಡನೆ ತಾಳೆ ನೋಡಿ, ಪ್ರಮಾಣ ಮಾಡಿ ವಹಿಸಿಕೊಳ್ಳುತ್ತಿದ್ದರೆಂದು ಆಡಂ ಸ್ಮಿತ್ ಬರೆದಿದ್ದಾನೆ. 1672ರಲ್ಲಿ ಫ್ರೆಂಚ್ ಸೈನ್ಯ ಸಮೀಪಿಸಿದಾಗ ಠೇವಣಿದಾರರು ಬ್ಯಾಂಕಿಗೆ ಮುಗಿಬಿದ್ದರು. ಬ್ಯಾಂಕು ಯಾರಿಗೂ ಇಲ್ಲವೆನ್ನಲಿಲ್ಲ. ಆಗ ಹೊರಬಂದ ಕೆಲವು ನಾಣ್ಯಗಳಲ್ಲಿ ಬಹು ಹಿಂದೆ ನಗರಸಭೆಗೆ ಬಿದ್ದ ಬೆಂಕಿಯ ಸುಟ್ಟ ಗುರುತು ಇತ್ತೆಂದೂ, ಅಷ್ಟು ಕಾಲವೂ ಅವು ಮುಟ್ಟದೆ ಉಳಿದಿದ್ದವೆಂಬುದಕ್ಕೆ ಅದೇ ಸಾಕ್ಷಿಯಾಯಿತೆಂದೂ ಅವನೇ ಹೇಳುತ್ತಾನೆ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನೂರು ವರ್ಷಗಳ ನಂತರ, 1780ರ ದಶಕದಲ್ಲಿ, ಅದೇ ಬ್ಯಾಂಕು ನಷ್ಟದಲ್ಲಿ ಮುಳುಗುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಗೆ ಗುಟ್ಟಾಗಿ ಸಾಲ ನೀಡಿತು. ಗುಟ್ಟು ಬಯಲಾದ ಮೇಲೆ ಬ್ಯಾಂಕು ಮತ್ತೆ ಮೇಲೇಳಲಿಲ್ಲ. ತಾಳೆ ನೋಡುವ ಪ್ರಮಾಣವಿಧಿ ಆಗಲೂ ಇತ್ತು. ಕಾಗದದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ಅರಮನೆಯಲ್ಲಿ ವರ್ತಕನಾದವನು ತಪ್ಪದೆ ನೋಡಬೇಕಾದ ಬಾಗಿಲೊಂದಿದೆ. ದಿವಾಳಿಯಾದವರ ಆಸ್ತಿಯನ್ನು ವಿಲೇವಾರಿ ಮಾಡುತ್ತಿದ್ದ ಕಚೇರಿಯ ಬಾಗಿಲದು. ಅದರ ಮೇಲೆ, ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಬಳಿಗೆ ಹಾರಿ ಕೆಳಗೆ ಬಿದ್ದ ಇಕಾರಸ್ ಎಂಬ ಗ್ರೀಕ್ ಪುರಾಣದ ಹುಡುಗನನ್ನು ಕೆತ್ತಲಾಗಿದೆ. ಜೊತೆಗಿರುವ ಅಲಂಕಾರದ ತೋರಣದಲ್ಲಿ ಹೂವಿನ ಬದಲು ಬರಿದಾದ ಹಣದ ಪೆಟ್ಟಿಗೆ, ಪಾವತಿಯಾಗದ ಬಿಲ್ಲುಗಳು ಮತ್ತು ಅವನ್ನು ಕಡಿಯುತ್ತಿರುವ ಇಲಿಗಳು! ಒಳಗೆ ಹೋಗುವ ಸಾಲಗಾರನ ಮನಸ್ಥಿತಿ ಹೇಗಿದ್ದಿರಬಹುದೆಂದು ಊಹಿಸಬಹುದು. ಆದರೆ ಒಳಗಿನ ವ್ಯವಸ್ಥೆ ಕೆತ್ತನೆಯಷ್ಟು ಕ್ರೂರವಾಗಿರಲಿಲ್ಲ. ಆಸ್ತಿಯ ಪಟ್ಟಿ ಮಾಡಿ, ಸಾಲಿಗರನ್ನು ಕರೆಸಿ, ಬಹುಪಾಲು ಜನ ಒಪ್ಪಿದರೆ ರಾಜಿ ಮಾಡಿಸಿ, ಮನುಷ್ಯನು ಮತ್ತೆ ದುಡಿಯುವಂತೆ ಮಾಡುವುದು ಅದರ ಉದ್ದೇಶವಾಗಿತ್ತು. ಭಾರತದಲ್ಲಿ ದಿವಾಳಿ ಸಂಹಿತೆ ಬಂದದ್ದು 2016ರಲ್ಲಿ ಎಂಬುದನ್ನು ನೆನೆದರೆ ಈ ಬಾಗಿಲಿನ ಮುಂದೆ ನಿಲ್ಲುವ ಹೊತ್ತು ಸ್ವಲ್ಪ ಹೆಚ್ಚಾಗುತ್ತದೆ.

ಪೇಟೆಯಿಂದ ಕಂಪನಿಯ ಅಂಗಳಕ್ಕೆ

ಅರಮನೆಯಿಂದ ಹೊರಬಿದ್ದು ನಿಲ್ದಾಣದ ದಿಕ್ಕಿನಲ್ಲಿ ಎರಡು ನಿಮಿಷ ನಡೆದರೆ ಬೆರ್ಲಾಗ ಎಂಬ ವಾಸ್ತುಶಿಲ್ಪಿ 1903ರಲ್ಲಿ ಪೂರೈಸಿದ ಇಟ್ಟಿಗೆಯ ವಿನಿಮಯ ಕೇಂದ್ರವಿದೆ. ಧಾನ್ಯಕ್ಕೆ, ಸರಕಿಗೆ, ಷೇರಿಗೆ ಪ್ರತ್ಯೇಕ ಸಭಾಂಗಣಗಳಿದ್ದ ಈ ಕಟ್ಟಡದಲ್ಲಿ ಈಗ ಸಭೆ ಸಮಾರಂಭಗಳು ನಡೆಯುತ್ತವೆ. ಷೇರುಪೇಟೆಯ ಕಟ್ಟಡ ಪಕ್ಕದ ಚೌಕದಲ್ಲಿದೆ. 2000ದಲ್ಲಿ ಪ್ಯಾರಿಸ್, ಬ್ರಸೆಲ್ಸ್ ಪೇಟೆಗಳೊಡನೆ ಸೇರಿ ಅದು ಯೂರೋನೆಕ್ಸ್ಟ್ ಆಯಿತು. ಬ್ರಿಟನ್ ಯುರೋಪಿನ ಒಕ್ಕೂಟದಿಂದ ಹೊರಬಿದ್ದ ಮೇಲೆ, 2021ರ ಜನವರಿಯಲ್ಲಿ, ಷೇರು ವಹಿವಾಟಿನಲ್ಲಿ ಆಮ್‌ಸ್ಟರ್‌ಡಾಮ್ ಲಂಡನ್ನನ್ನೇ ಹಿಂದಿಕ್ಕಿತ್ತು.

1611ರಲ್ಲಿ ತೆರೆದ ಮೊದಲ ವಿನಿಮಯ ಕೇಂದ್ರ ಇದ್ದುದು ಚೌಕದ ಇನ್ನೊಂದು ಬದಿಯ ರೋಕಿನ್ ರಸ್ತೆಯಲ್ಲಿ. ಅದು ಈಗಿಲ್ಲ. ತೆರೆದ ಅಂಗಳದ ಸುತ್ತ ಸಂಖ್ಯೆ ಹಾಕಿದ ಕಂಬಗಳಿದ್ದು, ಯಾವ ಸರಕಿನವರು ಯಾವ ಕಂಬದ ಬಳಿ ನಿಲ್ಲಬೇಕೆಂಬುದು ಗೊತ್ತಾಗಿತ್ತು. ಬೆಲೆ ಕುದುರುವಾಗ ಒಬ್ಬರ ಅಂಗೈಗೆ ಇನ್ನೊಬ್ಬರು ಹೊಡೆಯುತ್ತ ಹೋಗುತ್ತಿದ್ದುದನ್ನು ಜೋಸೆಫ್ ದೆ ಲಾ ವೇಗಾ 1688ರಲ್ಲಿ ಪ್ರಕಟಿಸಿದ ಷೇರುಪೇಟೆಯ ಗ್ರಂಥದಲ್ಲಿ ವರ್ಣಿಸಿದ್ದಾನೆ. ದನಗಳ ಜಾತ್ರೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಕಂಡವರಿಗೆ ಎರಡು ಪದ್ಧತಿಗಳ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ. ಇಲ್ಲಿ ಬೆಲೆ ಗುಟ್ಟು, ಅಲ್ಲಿ ಎಲ್ಲರ ಕಿವಿಗೂ ಬೀಳುವ ಸದ್ದು. ಇದೇ ರಸ್ತೆಯಡಿಯ ಮೆಟ್ರೋ ನಿಲ್ದಾಣಕ್ಕಾಗಿ ನದಿಯ ಹಳೆಯ ಪಾತ್ರವನ್ನು ಅಗೆದಾಗ ಸಿಕ್ಕ ಸಾವಿರಾರು ವಸ್ತುಗಳನ್ನು ಚಲಿಸುವ ಮೆಟ್ಟಿಲುಗಳ ನಡುವೆ ಗಾಜಿನೊಳಗೆ ಜೋಡಿಸಿದ್ದಾರೆ. ಬೀಗದ ಕೈ, ನಾಣ್ಯ, ಪಿಂಗಾಣಿ ಚೂರು, ಮೊಬೈಲ್ ಫೋನು ಎಲ್ಲವೂ ಅಲ್ಲಿವೆ.

ಚೌಕದ ಪೂರ್ವಕ್ಕೆ ಔಡ ಹೋಖ್ ಬೀದಿಯಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕೇಂದ್ರ ಕಚೇರಿಯಿದೆ. ಈಗ ವಿಶ್ವವಿದ್ಯಾಲಯದ ವಶದಲ್ಲಿರುವ ಈ ಕಟ್ಟಡದ ಅಂಗಳದಲ್ಲಿ ವಿದ್ಯಾರ್ಥಿಗಳು ಸೈಕಲ್ ನಿಲ್ಲಿಸುತ್ತಾರೆ. 1602ರ ಮಾರ್ಚ್ 20ರಂದು ಸನ್ನದು ಪಡೆದ ಕಂಪನಿಯು ಸಾರ್ವಜನಿಕರಿಂದ ಸುಮಾರು 64 ಲಕ್ಷ ಗಿಲ್ಡರ್ ಬಂಡವಾಳ ಸಂಗ್ರಹಿಸಿತು. ಆಮ್‌ಸ್ಟರ್‌ಡಾಮ್ ಒಂದರಲ್ಲೇ 1,143 ಜನ ಹಣ ಹೂಡಿದರು. ನೋಂದಣಿ ನಡೆದದ್ದು ನಿರ್ದೇಶಕನೊಬ್ಬನ ಮನೆಯಲ್ಲಿ. ಆ ಮನೆಯ ಕೆಲಸದಾಕೆ ನೇಲ್ಟ್‌ಖೆನ್ ಕೊರ್ನೆಲಿಸ್ ಎಂಬುವಳು ಕೂಡ ಕೊನೆಯ ಗಳಿಗೆಯಲ್ಲಿ 100 ಗಿಲ್ಡರ್ ಹಾಕಿ ಷೇರುದಾರಳಾದಳು.

ಹಣ ಹಾಕಿದವರಿಗೆ ಸಿಕ್ಕಿದ್ದೇನು? ಮೊದಲ ಲಾಭಾಂಶಕ್ಕಾಗಿ 1610ರವರೆಗೆ ಕಾಯಬೇಕಾಯಿತು. ಅದರ ಬಹುಪಾಲು ನಗದಾಗಿ ಬರಲಿಲ್ಲ, ಜಾಪತ್ರೆ ಮತ್ತು ಮೆಣಸಿನ ರೂಪದಲ್ಲಿ ಬಂತು. ಎಲ್ಲ ಷೇರುದಾರರ ಕೈಗೂ ಒಮ್ಮೆಗೇ ಜಾಪತ್ರೆ ಬಂದರೆ ಪೇಟೆಯಲ್ಲಿ ಅದರ ಬೆಲೆ ಏನಾಗುತ್ತದೆಂದು ದಿನಸಿ ವರ್ತಕರಿಗೆ ಹೇಳಬೇಕಾಗಿಲ್ಲ. ಹತ್ತು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವುದಾಗಿ ಸನ್ನದಿನಲ್ಲಿ ಬರೆದಿದ್ದರೂ 1612ರಲ್ಲಿ ಲೆಕ್ಕ ಹೊರಬರಲಿಲ್ಲ. ರೋಸಿಹೋದ ಷೇರುದಾರರು 1622ರಲ್ಲಿ ಹೊರತಂದ ಕರಪತ್ರವೊಂದರಲ್ಲಿ, ನಿರ್ದೇಶಕರು ಲೆಕ್ಕದ ಪುಸ್ತಕಗಳಿಗೆ ಹಂದಿಯ ಕೊಬ್ಬು ಸವರಿ ನಾಯಿಗಳಿಗೆ ತಿನ್ನಿಸಿರಬೇಕೆಂದು ಮೂದಲಿಸಲಾಗಿತ್ತು. ಲೆಕ್ಕಪರಿಶೋಧನೆಯ ಇತಿಹಾಸದಲ್ಲಿ ಇದಕ್ಕಿಂತ ಖಾರವಾದ ಆಕ್ಷೇಪಣೆ ಇರಲಾರದು. ಆ ಹೊತ್ತಿಗೆ, 1621ರಲ್ಲಿ, ಅದೇ ಕಂಪನಿಯ ಸೈನ್ಯವು ಜಾಯಿಕಾಯಿಯ ಏಕಸ್ವಾಮ್ಯಕ್ಕಾಗಿ ಬಾಂಡಾ ದ್ವೀಪಗಳ ಜನರನ್ನು ಬಹುಮಟ್ಟಿಗೆ ನಿರ್ನಾಮ ಮಾಡಿತ್ತು. ಕರಾವಳಿ ಕರ್ನಾಟಕಕ್ಕೂ ಈ ಕಂಪನಿ ಅಪರಿಚಿತವಲ್ಲ. ಕೆಳದಿ ನಾಯಕರ ಕಾಲದಲ್ಲಿ ಬಸರೂರಿನಲ್ಲಿ ಡಚ್ಚರ ಕೋಠಿಯಿತ್ತು. ಅಕ್ಕಿ ಮತ್ತು ಮೆಣಸನ್ನು ಅಲ್ಲಿಂದ ಒಯ್ಯುತ್ತಿದ್ದರು. ಸುಮಾರು ಎರಡು ಶತಮಾನಗಳ ಕಾಲ ನಡೆದ ಕಂಪನಿ 1799ರ ಕೊನೆಗೆ ಸಾಲದ ಹೊರೆಯಡಿ ಮುಚ್ಚಿತು. ಕಂಪನಿಯ ಹೆಸರಿನ ಮೊದಲಕ್ಷರಗಳನ್ನೇ ಬಳಸಿ, ಭ್ರಷ್ಟಾಚಾರದಿಂದ ಹಾಳಾದದ್ದು ಎಂಬ ಅರ್ಥ ಬರುವಂತೆ ಡಚ್ಚರು ಹಾಸ್ಯ ಮಾಡುತ್ತಾರೆ.

ತೂಕದ ಮನೆ ಮತ್ತು ಒಂದು ಪಟ್ಟಿ

ಇಲ್ಲಿಂದ ಕಾಲುವೆಯ ದಡ ಹಿಡಿದು ಉತ್ತರಕ್ಕೆ ಹೋಗುವಾಗ ಶಸ್ತ್ರಾಸ್ತ್ರ ವ್ಯಾಪಾರಿಗಳಾದ ಟ್ರಿಪ್ ಸೋದರರ ಭವ್ಯ ಮನೆ ಸಿಗುತ್ತದೆ. ಅದರ ಹೊಗೆಗೂಡುಗಳಿಗೆ ಫಿರಂಗಿಯ ಆಕಾರ. ಮುಂದೆ ನ್ಯೂಮಾರ್ಕ್ಟ್ ಎಂಬ ಚೌಕದ ಮಧ್ಯೆ ಕೋಟೆಯಂತೆ ಕಾಣುವ ತೂಕದ ಮನೆ. 1488ರಲ್ಲಿ ಊರಿನ ಹೆಬ್ಬಾಗಿಲಾಗಿ ಕಟ್ಟಿದ್ದನ್ನು, ಊರು ಬೆಳೆದು ಗೋಡೆ ಆಚೆಗೆ ಸರಿದಾಗ, 1617ರಲ್ಲಿ ಸಾರ್ವಜನಿಕ ತಕ್ಕಡಿಗಾಗಿ ಬಿಟ್ಟುಕೊಟ್ಟರು. ಭಾರದ ಸರಕನ್ನು ಮಾರುವವನ ತಕ್ಕಡಿಯಲ್ಲಾಗಲಿ ಕೊಳ್ಳುವವನ ತಕ್ಕಡಿಯಲ್ಲಾಗಲಿ ತೂಗುವಂತಿರಲಿಲ್ಲ. ನಗರದ ತಕ್ಕಡಿಗೆ ತಂದು, ಶುಲ್ಕ ತೆತ್ತು ತೂಗಿಸಬೇಕಿತ್ತು. ಈಗ ಅಲ್ಲಿ ಹೋಟೆಲೊಂದಿದ್ದು, ಕಾಲು ನೋವು ಬಂದವರಿಗೆ ಕಾಫಿ ಸಿಗುತ್ತದೆ. ಬೆಲೆ ಮಾತ್ರ ಮೈಸೂರಿನವರನ್ನು ಬೆಚ್ಚಿಬೀಳಿಸುವಂಥದು.

ನಡಿಗೆಯ ಕೊನೆಯ ಘಟ್ಟ ಅಲ್ಲಿಂದ ಐದು ನಿಮಿಷ ದೂರದ ರೆಂಬ್ರಾಂಟನ ಮನೆ. ಲೋಕವಿಖ್ಯಾತ ಚಿತ್ರಕಾರನ ಮನೆಯೆಂದು ಪ್ರವಾಸಿಗರು ಸಾಲುಗಟ್ಟುತ್ತಾರೆ. ವರ್ತಕರಿಗೆ ಅದು ಮತ್ತೊಂದು ಕಾರಣಕ್ಕೆ ನೋಡತಕ್ಕದ್ದು. ಕೀರ್ತಿಯ ಶಿಖರದಲ್ಲಿದ್ದ ರೆಂಬ್ರಾಂಟ್ 1639ರಲ್ಲಿ ಈ ಮನೆಯನ್ನು 13,000 ಗಿಲ್ಡರಿಗೆ ಕಂತಿನ ಮೇಲೆ ಕೊಂಡ. ಕಂತುಗಳನ್ನು ಸರಿಯಾಗಿ ಕಟ್ಟಲಿಲ್ಲ. ಹರಾಜುಗಳಲ್ಲಿ ಚಿತ್ರ, ಶಿಲ್ಪ, ಶಂಖ, ಆಯುಧಗಳನ್ನು ಕೊಳ್ಳುವ ಚಟ ಬೇರೆ ಇತ್ತು. ಮನೆ ಮಾರಿದವರು 1653ರಲ್ಲಿ ಬಾಕಿಗಾಗಿ ಪಟ್ಟು ಹಿಡಿದಾಗ ಬೇರೆಯವರಿಂದ ಕೈಸಾಲ ತಂದ. ಹಳೆಯ ಸಾಲ ತೀರಿಸಲು ಹೊಸ ಸಾಲ. 1656ರಲ್ಲಿ ಆಸ್ತಿಯನ್ನೆಲ್ಲ ಒಪ್ಪಿಸಿ, ಇಲಿಗಳ ಕೆತ್ತನೆಗೆ ಹೆಸರಾದ ಆ ದಿವಾಳಿ ಕಚೇರಿಯ ಆಡಳಿತಕ್ಕೆ ಒಳಗಾದ.

ಆ ವರ್ಷದ ಜುಲೈ 25 ಮತ್ತು 26ರಂದು ಕಚೇರಿಯ ಗುಮಾಸ್ತರು ಬಂದು, ಕೊಠಡಿಯಿಂದ ಕೊಠಡಿಗೆ ನಡೆದು, ಕಂಡದ್ದನ್ನೆಲ್ಲ ಬರೆದುಕೊಂಡರು. ಪಟ್ಟಿಯಲ್ಲಿ 363 ನಮೂದುಗಳಿವೆ. ಮನೆ 1658ರಲ್ಲಿ ಹರಾಜಿನಲ್ಲಿ ಸುಮಾರು 11,000 ಗಿಲ್ಡರಿಗೆ ಹೋಯಿತು. ರೆಂಬ್ರಾಂಟ್ ಬಾಡಿಗೆ ಮನೆಗೆ ತೆರಳಿದ. ಆದರೆ ಆ ಪಟ್ಟಿ ಉಳಿಯಿತು. ಈಗ ವಸ್ತುಸಂಗ್ರಹಾಲಯವಾಗಿರುವ ಮನೆಯ ಕೊಠಡಿಗಳನ್ನು ಮತ್ತೆ ಅಂದಿನಂತೆ ಸಜ್ಜುಗೊಳಿಸಿದ್ದು ಅದನ್ನೇ ಆಧಾರವಾಗಿಟ್ಟುಕೊಂಡು. ಯಾವ ಕೊಠಡಿಯಲ್ಲಿ ಯಾವ ವಸ್ತುವಿತ್ತೆಂಬುದು ಗೊತ್ತಿರುವುದು ಆ ಗುಮಾಸ್ತರ ದಾಸ್ತಾನು ಪಟ್ಟಿಯಿಂದ. ಅವರು ಯಾವುದನ್ನೂ ಬಿಟ್ಟಿರಲಿಲ್ಲ. ಪಟ್ಟಿಯ ಕೊನೆಯಲ್ಲಿ, ಆ ದಿನ ಮನೆಯಲ್ಲಿರದೆ ಅಗಸರ ಬಳಿಗೆ ಹೋಗಿದ್ದ ಬಟ್ಟೆಗಳೂ ನಮೂದಾಗಿವೆ: ಮೂರು ಅಂಗಿ, ಆರು ಕರವಸ್ತ್ರ, ಹನ್ನೆರಡು ಊಟದ ಕೈವಸ್ತ್ರ, ಮೂರು ಮೇಜುವಸ್ತ್ರ, ಕೆಲವು ಕಾಲರು ಮತ್ತು ತೋಳುಪಟ್ಟಿಗಳು.